ಒಬ್ಬರ ಗಾಳಿ, ಇಬ್ಬರ ಗಾಳಿ

ನಮ್ಮ ಭಾವನಿಗೆ ಮನುಷ್ಯರ ಮುಖ ನೋಡುವ ಅಭ್ಯಾಸವೇ ಇರಲಿಲ್ಲ. ಸೀದಾ ಹೊಟ್ಟೆ ನೋಡುತ್ತಿದ್ದರು! ನೋಡಿ, ಅರೆಗಳಿಗೆ ಕಣ್ಣು ಮುಚ್ಚಿ, "ಮೂವತ್ತೊಂದು" ಅನ್ನುತ್ತಿದ್ದರು. ಅದು ನಿಮ್ಮ ವಯಸ್ಸಲ್ಲ, ಸೊಂಟದ ಸುತ್ತಳತೆಯೂ ಅಲ್ಲ. ಅವರ ಬೈಕಿನ ಹಿಂದೆ ನೀವು ಕೂತರೆ ಹಿಂದಿನ ಟೈರಿಗೆ ಹಾಕಬೇಕಾದ ಗಾಳಿ! ಹುಣಸೂರಿನ ಪಕ್ಕದ ಅವರ ಹಳ್ಳಿಯಲ್ಲಿ ಜನ ಕಿಲೋ ಲೆಕ್ಕ ಮರೆತು, "ನಂದು ಮೂವತ್ತೆರಡು, ನಿಂದೆಷ್ಟ್ಲಾ?" ಎಂದು ಕೇಳಿಕೊಳ್ಳುವಂತಾಗಿತ್ತು.

ಬೈಕು ಬಂದ ಕಾರಣ ಮಾತ್ರ ನಗುವಂಥದ್ದಲ್ಲ. ಎರಡು ಸಾವಿರದ ಇಸವಿ ಆಗತಾನೆ ದಾಟಿತ್ತು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಬಸ್ಸಾಗಲಿ ಕಾರಾಗಲಿ, ಹತ್ತಿದರೆ ಬಿಳಿಕೆರೆ ಬರುವಷ್ಟರಲ್ಲಿ ಅವಳಿಗೆ ವಾಂತಿ. ಮುಖಕ್ಕೆ ಗಾಳಿ ಬೀಸುತ್ತಿದ್ದರೆ ಮಾತ್ರ ತಡೆದುಕೊಳ್ಳುತ್ತಿದ್ದಳು. ಸರಿ, ಭಾವ ಬೈಕು ತಂದರು. ಎಂಥದ್ದು ಅಂತೀರಿ? ಕಾಲೇಜು ಹುಡುಗರು ಮುಂದಕ್ಕೆ ಬಗ್ಗಿಕೊಂಡು ಓಡಿಸುತ್ತಾರಲ್ಲ, ಆ ಥರದ ಕೆಂಪು ಸ್ಪೋರ್ಟ್ಸ್ ಬೈಕು! ಐವತ್ತು ದಾಟಿದ, ಪಂಚೆ ಉಡುವ, ಹೊಗೆಸೊಪ್ಪು ಬೆಳೆಯುವ ಮನುಷ್ಯ!

"ಅಗಲ ಟೈರು ಕಣ್ಲಾ, ಮಳೇಲಿ ಜಾರಕಿಲ್ಲ" ಎಂದು ನನಗೆ ಸಮಜಾಯಿಷಿ ಕೊಟ್ಟರು. ಅಕ್ಕ ಹಿಂದಿನ ಸೀಟಿನ ಎತ್ತರ ನೋಡಿ, "ಇದ್ರ ಜೊತೆ ಏಣಿ ಕೊಡ್ನಿಲ್ವಾ?" ಎಂದಳು.

ಹಿಂದಿನ ಟೈರಿಗೆ ಒಬ್ಬರಾದರೆ ಇಪ್ಪತ್ತೆಂಟು, ಇಬ್ಬರಾದರೆ ಮೂವತ್ತೆರಡು ಅಂತ ಮಾರಿದವರು ಹೇಳಿದ್ದರು. ಲೋಕವೆಲ್ಲ ಅಷ್ಟಕ್ಕೇ ಸುಮ್ಮನಿರುತ್ತದೆ. ಭಾವ ಇರಲಿಲ್ಲ. ಇಬ್ಬರು ಅಂದರೆ ಎಂಥ ಇಬ್ಬರು? ಗಾಳಿ ಹೆಚ್ಚಾದರೆ ಗುಂಡಿ ಬಿದ್ದ ರಸ್ತೆಯಲ್ಲಿ ಎತ್ತೆತ್ತಿ ಹಾಕುತ್ತದೆ, ಅಕ್ಕನಿಗೆ ನೋವು. ಕಡಿಮೆಯಾದರೆ ತಿರುವಿನಲ್ಲಿ ಓಲಾಡುತ್ತದೆ, ಅಕ್ಕ ಬೀಳುತ್ತಾಳೆ. ಈ ಭಯ ಹೊಕ್ಕ ಮೇಲೆ ಮನುಷ್ಯ ನೆಟ್ಟಗಿರುತ್ತಾನೆಯೇ? ಗಾಳಿ ನೋಡುವ ಮೀಟರು ಜೇಬಿಗೆ ಬಂತು, ಕಾಲಲ್ಲಿ ತುಳಿಯುವ ಪಂಪು ಹೆಗಲಿಗೆ ಬಂತು.

ಒಮ್ಮೆ ಪಿರಿಯಾಪಟ್ಟಣದಲ್ಲಿ ನೆಂಟರೊಬ್ಬರ ತಿಥಿ. ಭಾವನ ಜೊತೆ ಹೊರಟೆ. ಸೀದಾ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಗೆ, ಕರೆದುಕೊಂಡು ಹೋಗಿ ಸೊಪ್ಪಿನ ಮೂಟೆ ತೂಗುವ ಮಿಷನ್ನಿನ ಮೇಲೆ ನಿಲ್ಲಿಸಿದರು.

"ಚಪ್ಲಿ ಬುಟ್ಟು ನಿಂತ್ಕಳ್ಲಾ."

"ಚಪ್ಪಲಿಯೂ ನನ್ನ ಜೊತೇಲೇ ಬರುತ್ತಲ್ಲ ಭಾವ?"

ಒಂದು ಗಳಿಗೆ ಯೋಚಿಸಿ, "ಅದೂ ಸರಿಯೇ, ಆಕ್ಕೋ" ಎಂದರು. ನನ್ನದು ಮೂವತ್ತನಾಲ್ಕಾಯಿತು. ಹೊಗೆಸೊಪ್ಪಿಗಾದರೂ ತೂಕ ಹೆಚ್ಚಿದ್ದರೆ ಮರ್ಯಾದೆ ಇದೆ, ನನಗೆ ಅದೂ ಇರಲಿಲ್ಲ. ಅಲ್ಲಿಗೆ ಮುಗಿಯಲಿಲ್ಲ. ತಿಥಿಯೂಟ ಮುಗಿದು, ಸತ್ತವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಾರೆ. ಅವರೆದುರಿಗೇ ಪಂಪು ಹೆಗಲಿಗೇರಿಸಿಕೊಂಡು, "ವಡೆ ಎಷ್ಟು ತಿಂದ್ಯಲಾ?" ಎಂದು ನನ್ನತ್ತ ಕೂಗಿದರು! ಅಳುತ್ತಿದ್ದ ಆ ತಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಅಳಲಿಕ್ಕೋ ನಗಲಿಕ್ಕೋ, ನಾನು ವಿಚಾರಿಸಲಿಲ್ಲ.

ಬೇರೆಯವರ ಮೀಟರನ್ನು ಅವರು ನಂಬಿದ್ದೇ ಇಲ್ಲ. ಇನ್ನೊಮ್ಮೆ ಪಿರಿಯಾಪಟ್ಟಣದಾಚೆ ಕೊಪ್ಪದ ಹತ್ತಿರ ಪೆಟ್ರೋಲ್ ಬಂಕಿನವನ ಜೊತೆ ಜಗಳ ತೆಗೆದರು. ಟೈರು ಬಿಸಿಯಾಗಿದ್ದಾಗ ಗಾಳಿ ನೋಡಬಾರದಂತೆ. ನೆರಳಲ್ಲಿ ಬೈಕು ನಿಲ್ಲಿಸಿ, ಟೈರಿಗೆ ಒದ್ದೆ ಟವೆಲ್ ಹೊದಿಸಿ, ಜ್ವರದ ಮಗುವನ್ನು ಕಾಯುವ ಹಾಗೆ ಪಕ್ಕದಲ್ಲಿ ಕೂತಿದ್ದರು. ಆಮೇಲೆ ಎದ್ದು, "ನಿನ್ ಮಿಷನ್ನು ಸುಳ್ಳು ಏಳ್ತದೆ ಕಣಪ್ಪ" ಎಂದರು. ಬಂಕಿನವನಿಗೆ ರೇಗಿತು. "ಅಂಗಾದ್ರೆ ಬಾಯಲ್ಲೇ ಊದ್ಕಳಿ ಸ್ವಾಮಿ!" ಎಂದ.

ಆಸ್ಪತ್ರೆಯಲ್ಲೂ ಇದೇ ಕಥೆ. ಹೋಗುವಾಗ ಅಕ್ಕನ ಮೈಯಲ್ಲಿ ನೀರು ತುಂಬಿ ಭಾರ. ಬರುವಾಗ ನೀರು ತೆಗೆದಿರುತ್ತಾರೆ, ಹಗುರ. ಆದ್ದರಿಂದ ಹೋಗಲು ಒಂದು ಗಾಳಿ, ಬರಲು ಒಂದು ಗಾಳಿ! ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು ಟೈರಿನಿಂದ ಗಾಳಿ ಬಿಡುವ ಪಂಚೆಯ ಮನುಷ್ಯನನ್ನು ಜನ ಕನಿಕರದಿಂದ ನೋಡುತ್ತಿದ್ದರು. ಪಾಪ, ರೋಗಿ ಇವರೇ ಅಂದುಕೊಂಡಿರಬೇಕು. ಸುಸ್ತಾಗಿ ಹೊರಗೆ ಬಂದ ಅಕ್ಕ, "ನನ್ ನೀರು ಅವ್ರು ತಗದ್ರು, ಗಾಳಿ ನೀವು ತಗದ್ರಿ. ಇನ್ನೇನ್ ಉಳೀತು ಬುಡಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು.

ನಗುನಗುತ್ತಲೇ ಅಕ್ಕನ ಗಾಳಿ ಇಳಿಯುತ್ತ ಬಂತು. ಮೂವತ್ತೊಂದು ಇದ್ದವಳು ಮಳೆಗಾಲಕ್ಕೆ ಮೂವತ್ತಾದಳು. ಹೊಗೆಸೊಪ್ಪಿನ ಹರಾಜು ಶುರುವಾಗುವ ಹೊತ್ತಿಗೆ ಇಪ್ಪತ್ತೊಂಬತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇನ್ನು ಹೆಚ್ಚು ದಿನವಿಲ್ಲ ಎಂದರು. ಅದನ್ನು ಭಾವನಿಗೆ ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದೆ. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ತೂಕ ಮತ್ತೆ ಇಳಿದಿತ್ತು. ನಾನೇ ಅಕ್ಕನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದೆ; ಎತ್ತಿದ್ದೇ ಗೊತ್ತಾಗಲಿಲ್ಲ. ಭಾವ ಮೀಟರು ಹಿಡಿದು ನೋಡಿದರು. ಮುಳ್ಳು ಇಪ್ಪತ್ತೊಂಬತ್ತರಲ್ಲಿತ್ತು. ಗಾಳಿ ಬಿಡದೆ ಹಾಗೇ ವಾಲ್ವಿಗೆ ಮುಚ್ಚಳ ತಿರುಗಿಸಿದರು.

"ವಸಿ ಬುಡಿ. ಓದ್ಸಲಾನೇ ಎತ್ತಾಕ್ತು, ಸೊಂಟ ನೋಯ್ತದೆ" ಎಂದಳು ಅಕ್ಕ.

"ಬುಡಕಿಲ್ಲ."

ನಾನು ಸುಮ್ಮನಿರಬಾರದೇ? "ನಿಮ್ಮ ಲೆಕ್ಕದ ಪ್ರಕಾರ ಈಗ ಇಪ್ಪತ್ತೆಂಟಾಗಬೇಕಲ್ವಾ ಭಾವ?" ಎಂದೆ.

ಭಾವ ನನ್ನ ಕಡೆ ತಿರುಗಲಿಲ್ಲ. "ಅದು ಒಬ್ನೇ ಓಗೋ ಗಾಳಿ ಕಣ್ಲಾ" ಎಂದರು. "ನಾನು ಒಬ್ನೇ ಓಗಕಿಲ್ಲ."

ಮದುವೆಯಾಗಿ ಅಷ್ಟು ವರ್ಷವಾದರೂ ಊರವರೆದುರು ಗಂಡನ ಹೆಗಲು ಮುಟ್ಟದೆ, ಸೀಟಿನ ಹಿಂದಿನ ಕಂಬಿ ಹಿಡಿದೇ ಕೂರುತ್ತಿದ್ದವಳು ನಮ್ಮಕ್ಕ. ಅವತ್ತು ಭಾವ ಹತ್ತಿ ಕೂತ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈಗಳಿಂದ ಅವರ ಸೊಂಟ ಬಳಸಿ, ಬೆನ್ನಿಗೆ ಕೆನ್ನೆಯಿಟ್ಟಳು. "ಆಯ್ತು, ಬುಡಬ್ಯಾಡಿ. ನಿಧಾನಕ್ಕೆ ನಡೀರಿ" ಎಂದಳು.

ಕೆಂಪು ಬೈಕು ಒಂದೊಂದು ಗುಂಡಿಯನ್ನೂ ಬಳಸಿಕೊಂಡು, ಎತ್ತಿನಗಾಡಿಗಿಂತ ನಿಧಾನವಾಗಿ ಹೋಯಿತು. ಅಂಗಳದಲ್ಲಿ ನಿಂತು, ಯಾರು ನೋಡಿದರೆ ನನಗೇನು ಎಂದು, ಗಟ್ಟಿಯಾಗಿ ಅತ್ತುಬಿಟ್ಟೆ.