ರಾಗಿ ಹಚ್ಚಿದ ವರ್ಷ

ಕೃಷಿ ಇಲಾಖೆಯವನು ಹೊಲಕ್ಕಿಳಿದು ಎಡವಟ್ಟಾಗದೆ ವಾಪಸ್ಸು ಬಂದದ್ದು ನನ್ನ ನೌಕರಿಯಲ್ಲಂತೂ ಇಲ್ಲ. ಧಾರವಾಡದ ಕಡೆಯವನಾದ ನನ್ನನ್ನು ಎಂಬತ್ತರ ಆಸುಪಾಸಿನಲ್ಲಿ ಯಲಹಂಕಕ್ಕೆ ಹಾಕಿದರು. ಜೋಳದ ರೊಟ್ಟಿ ತಿಂದು ಬೆಳೆದವನು ರಾಗಿ ಬೆಳೆಯುವವರಿಗೆ ಪಾಠ ಹೇಳಬೇಕು. ಇನ್ನು ಕೇಳಬೇಕೆ?

೧. ಮುಂಗಾರು

ಕೊಡಿಗೇಹಳ್ಳಿಯ ಒಬ್ಬ ಗೌಡ್ತಿಯ ಹೊಲ ಬಡಾವಣೆಗೆ ಹೋಗುವುದೆಂದು ನೋಟೀಸು ಬಂದಿತ್ತು. ಪೈರು ನಿಂತ ಹೊಲದಲ್ಲಿ ಯಾರೂ ಸೈಟಿನ ಕಲ್ಲು ನೆಡುವುದಿಲ್ಲ ಎಂಬುದು ಅವಳ ನಂಬಿಕೆ. ನನ್ನ ಸುಧಾರಿತ ಬೇಸಾಯಕ್ಕೆ ಊರಲ್ಲಿ ಒಪ್ಪಿದವಳು ಅವಳೊಬ್ಬಳೇ.

ಸಸಿ ಬಲಿತ ಮೇಲೆ ಹೋಗಿ, "ಇನ್ನ ಇವನ್ನ ಕಿತ್ತು ಸಾಲಾಗಿ ಹಚ್ರಿ ಅಕ್ಕಾರ" ಎಂದೆ.

ಅವಳ ಮುಖ ಬಿಳಚಿಕೊಂಡಿತು. "ಹಚ್ಬೇಕಾ ಸಾರ್?"

"ಹೊಲಾ ಪೂರ್ತಿ ಹಚ್ರಿ. ಇವತ್ತ ಹಚ್ಚಿದ್ರ ಛಲೋ."

ನಮ್ಮ ಕಡೆ ಸಸಿ ಹಚ್ಚುವುದೆಂದರೆ ನೆಡುವುದು. ಇಲ್ಲಿ ಹಚ್ಚುವುದೆಂದರೆ ಬೆಂಕಿ. ಗೌಡ್ತಿ ಮನೆಗೆ ಹೋಗಿ ಸೀಮೆಎಣ್ಣೆ ಡಬ್ಬ ತಂದಿಟ್ಟಳು. "ಹಸಿ ಪೈರು ಸಾರ್, ಬರೀ ಕಡ್ಡೀಗೆ ಹತ್ಕಳಾಕಿಲ್ಲ."

೨. ಬೋರ್ಡು

ಮಾತು ಬಿಡಿಸಿ ಹೇಳಿದ ಮೇಲೆ ಡಬ್ಬ ವಾಪಸ್ಸು ಹೋಗಿ, ಸಸಿ ಸಾಲಾಗಿ ನಿಂತವು. ಯೂರಿಯಾ ಬಿದ್ದ ಮೇಲೆ ಪೈರು ಮೈತುಂಬಿ ಎದ್ದಿತು. ತೆನೆ ಕಾಣಿಸಿಕೊಂಡಾಗ ರಸ್ತೆ ಬದಿಗೆ 'ಮಾದರಿ ಕ್ಷೇತ್ರ' ಎಂದು ಇಲಾಖೆಯ ಬೋರ್ಡು ನಿಲ್ಲಿಸಿದೆ. ಒಂದು ಭಾನುವಾರ ಅದನ್ನು ಓದಿ ಸ್ಕೂಟರಿನಲ್ಲಿ ಗಂಡ ಹೆಂಡತಿ ಬಂದಿಳಿದರು. ಬೆಳೆ ನೋಡಲು ಪೇಟೆಯವರೇ ಬಂದರೆಂದು ಗೌಡ್ತಿಗೆ ಹಿಗ್ಗು. ಬದುವಿನ ಮೇಲೆ ನಡೆಸಿಕೊಂಡು ಹೋಗಿ ತೆನೆ ತೋರಿಸಿದಳು.

ಗಂಡ ತೆನೆಯ ಕಡೆ ನೋಡಲೇ ಇಲ್ಲ. ಸೈಟಿನ ಅಳತೆ ಹಿಡಿದು ಕೇಳಿದ. "ಇಲ್ಲಿ ಮೂವತ್ತು ನಲವತ್ತು ಸಿಗುತ್ತೇನಮ್ಮಾ?"

"ಎಲ್ ಸಿಕ್ತದೆ ಸಾಮಿ? ಇಪ್ಪತ್ತು ಮೂಟೆ ಬಂದ್ರೆ ನಿಮ್ ಪುಣ್ಯ."

೩. ಹೊಸ ತಳಿ

ನಾನು ಕೊಡಿಸಿದ್ದು ಬೇಗ ಮಾಗುವ ತಳಿ. ಅಕ್ಕಪಕ್ಕದ ಹೊಲ ಇನ್ನೂ ಹಸಿರಿರುವಾಗಲೇ ಇವಳದು ಕೊಯ್ಲಿಗೆ ಬಂತು. ಶಾಬಾಸ್‌ಗಿರಿ ನಿರೀಕ್ಷಿಸಿ ಹೋದರೆ ಗೌಡ್ತಿ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಪೈರು ಕೊಯ್ದರೆ ಹೊಲ ಬರಿದು, ಬರಿದಾದರೆ ಕಲ್ಲು.

"ಇನ್ನೊಂದಷ್ಟು ದಿನ ನಿಲ್ಲಲಿ" ಎಂದಳು.

"ಕಾಳು ಉದುರ್ತಾವ್ರಿ, ಕೊಯ್ರಿ" ಎಂದೆ.

ಅವಳು ಮೆಲ್ಲಗೆ ಕೇಳಿದಳು. "ನಿಮ್ ಇಲಾಖೇಲಿ ಯಾವತ್ತೂ ಮಾಗ್ದೆ ಇರೋ ಬೀಜ ಇಲ್ವಾ ಸಾರ್?"

೪. ಒಕ್ಕಣೆ

ಕಣ ಮಾಡುವ ಕಷ್ಟ ಬೇಡವೆಂದು ತೆನೆಯನ್ನು ಬಳ್ಳಾರಿ ರಸ್ತೆಗೇ ಹರಡಿದೆವು. ಬಸ್ಸು ಕಾರು ಹತ್ತಿ ಹೋದರೆ ಕಾಳು ಬಿಡುತ್ತಿತ್ತು. ಚಿಕ್ಕಜಾಲದ ಕಡೆಯಿಂದ ಭರ್ತಿ ಲೋಡಿನ ಲಾರಿಯೊಂದು ಬಂತು. ಡ್ರೈವರು ಪಾಪ, ತೆನೆ ತಪ್ಪಿಸಿ ಪಕ್ಕಕ್ಕೆ ತಿರುಗಿಸಿದ.

ಗೌಡ್ತಿ ಅಡ್ಡ ಓಡಿದಳು. "ಮ್ಯಾಲೇ ಹತ್ಸಪ್ಪ, ಅದ್ಕೇ ಹಾಕಿರಾದು! ಇನ್ನೊಂದ್ ಕಿತ ಹಿಂದಕ್ಕೂ ಬಾ!"

ಅವನು ಹಿಂದೆ ಮುಂದೆ ಓಡಿಸಿಕೊಟ್ಟು ಕೊಡಿಗೇಹಳ್ಳಿ ಕಡೆ ತಿರುಗಿದ. "ಏನ್ ತೂಕ ಸಾರ್, ತೆನೇಲಿ ಒಂದ್ ಕಾಳೂ ಉಳೀಲಿಲ್ಲ" ಎಂದು ಅವಳಿಗೆ ಖುಷಿ.

ಮರುದಿನ ರಾಗಿ ಎಷ್ಟಾಯಿತೆಂದು ಕೇಳಲು ಹೋದೆ. ಗೌಡ್ತಿ ಬದುವಿನ ಮೇಲೆ ನಿಂತಿದ್ದಳು. ಆ ಲಾರಿ ತಂದಿದ್ದ ಕಲ್ಲುಗಳು ಹೊಲದ ತುಂಬಾ ದಾರ ಹಿಡಿದಂತೆ ಸಾಲಾಗಿ ನಿಂತಿದ್ದವು.

ಅವಳು ನನ್ನ ಕಡೆ ತಿರುಗಿದಳು. "ಸಾಲು ಮಾತ್ರ ನೀವ್ ಹೇಳ್ದಂಗೇ ಐತೆ ಸಾರ್. ಹೊಲ ಪೂರ್ತಿ ಹಚ್ಬುಟ್ರು."