ಟ್ರಂಕಿನಲ್ಲಿ ಬೇಯಬೇಕಿದ್ದ ಖಿಚಡಿ

ವಿಜ್ಞಾನ ಗೊತ್ತಿದ್ದವನಿಗೆ ಅಡುಗೆ ಏನು ಮಹಾ ಎಂದು ನಾನು ನಂಬಿದ್ದ ಕಾಲವದು. ಆಳಂದದ ಹೈಸ್ಕೂಲಿನಲ್ಲಿ ಹತ್ತು ವರ್ಷದಿಂದ ಉಷ್ಣದ ಪಾಠ ಮಾಡುತ್ತಿದ್ದೆ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕುದಿಸಿದ್ದು ಮಾತ್ರ ಒಂದು ದಿನವೂ ಇಲ್ಲ!

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿ ಮಹಾದೇವಿಗೆ ಟೈಫಾಯ್ಡ್ ಬಂತು. ಇಪ್ಪತ್ತು ದಿನ ಹಾಸಿಗೆ ಹಿಡಿದಳು. ಆ ಇಪ್ಪತ್ತು ದಿನವೂ ನಮ್ಮ ಮನೆಯ ಒಲೆ ಉರಿಯಲಿಲ್ಲ. ಪಕ್ಕದ ಮನೆಯ ಚನ್ನಮ್ಮ ಕಾಕಿ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ಹೆಂಗಸು, ಎರಡೂ ಹೊತ್ತು ನನಗೆ ರೊಟ್ಟಿ-ಪಲ್ಯ, ಮಹಾದೇವಿಗೆ ಗಂಜಿ ತಂದುಕೊಟ್ಟಳು. ಕರೆಯಲಿಲ್ಲ, ಕೇಳಲಿಲ್ಲ, ತಾನಾಗಿಯೇ ಬಂದಳು. ಗಂಜಿಯನ್ನು ಅವಳು ನಾಲ್ಕು ಚಮಚ ಕುಡಿದು ಮುಖ ತಿರುಗಿಸುತ್ತಿದ್ದಳು. ಜ್ವರ ಬಿಟ್ಟ ಮೇಲೂ ಬಾಯಿ ಕಹಿ, ಊಟ ಬೇಡ. ಹೀಗೇ ಇನ್ನೆರಡು ದಿನ ಉಣ್ಣದಿದ್ದರೆ ಗುಲಬರ್ಗಾಕ್ಕೆ ಒಯ್ದು ಸಲಾಯಿನ್ ಹಚ್ಚಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹೀಗಿರುವಾಗ ಒಂದು ಮುಂಜಾನೆ ಅವಳೇ ಬಾಯಿಬಿಟ್ಟಳು.

"ಗೋಧಿ ನುಚ್ಚಿನ ಖಿಚಡಿ ಉಣಬೇಕು ಅನಸಾಕತ್ತದ್ರಿ. ಮಣ್ಣಿನ ಮಟಕ್ಯಾಗ ನಮ್ಮವ್ವ ಮಾಡತಿದ್ಳಲ್ಲ, ಮೆತ್ತಗ, ಹಂಗ."

ಕಾಕಿಗೆ ಒಂದು ಮಾತು ಹೇಳಿದ್ದರೆ ಅರ್ಧ ತಾಸಿನಲ್ಲಿ ಖಿಚಡಿ ಬರುತ್ತಿತ್ತು. ಬುದ್ಧಿ ಇದ್ದವನು ಹಾಗೇ ಮಾಡುತ್ತಿದ್ದ. ಆದರೆ ಮದುವೆಯಾಗಿ ಎಂಟು ವರ್ಷದಲ್ಲಿ ಅವಳಿಗೆ ಒಂದು ಕಪ್ ಚಹಾ ಕೂಡ ಮಾಡಿಕೊಡದ ನನಗೆ, ಈ ಖಿಚಡಿಯನ್ನು ನನ್ನ ಕೈಯಾರೆ ಉಣ್ಣಿಸಬೇಕೆಂಬ ಆಸೆ ಹುಟ್ಟಿತು. ಅದೇ ತಿಂಗಳು ರೇಡಿಯೋದ ಮಹಿಳಾ ಕಾರ್ಯಕ್ರಮದಲ್ಲಿ ಒಲೆ ಇಲ್ಲದೆ ಬೇಯಿಸುವ ಪೆಟ್ಟಿಗೆಯ ಬಗ್ಗೆ ಕೇಳಿದ್ದೆ. ಪಾತ್ರೆಯನ್ನು ಒಮ್ಮೆ ಚೆನ್ನಾಗಿ ಕುದಿಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೂತಿಟ್ಟರೆ ಸಾಕು. ನಾಲ್ಕು ತಾಸಿನಲ್ಲಿ ಅನ್ನ, ಬೇಳೆ ತಾವಾಗಿಯೇ ನಿಧಾನವಾಗಿ ಬೇಯುತ್ತವೆ. ನಾನು ಶಾಲೆಗೆ ಹೋಗಿ ಮಧ್ಯಾಹ್ನ ಬರುವುದರೊಳಗೆ ಊಟ ತಯಾರು! ಉಷ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ?

ಪೆಟ್ಟಿಗೆಯ ಸ್ಥಾನಕ್ಕೆ ಮಹಾದೇವಿಯ ಮದುವೆಯ ತಗಡಿನ ಟ್ರಂಕನ್ನು ನೇಮಕ ಮಾಡಲಾಯಿತು. ಅದರೊಳಗಿನ ಸೀರೆಗಳನ್ನು ಮಂಚದ ಕೆಳಗೆ ಸ್ಥಳಾಂತರಿಸಲಾಯಿತು. ಹುಲ್ಲಿನ ಬದಲು ಕಾಕಿಯ ಎಮ್ಮೆಗಳ ಪಾಲಿನ ತೊಗರಿ ಹೊಟ್ಟು ಒಂದು ಬುಟ್ಟಿ ತಂದೆ. ಯಾಕೆ ಎಂದು ಕಾಕಿ ಕೇಳಿದಾಗ, ಪ್ರಯೋಗಕ್ಕೆ ಎಂದು ಗಂಭೀರವಾಗಿ ಹೇಳಿ, ಮಧ್ಯಾಹ್ನದ ಊಟ ತರಬೇಡಿ ಎಂದೂ ಸೇರಿಸಿದೆ. ಪಾಪ, ಮಕ್ಕಳಿಗೆ ಪಾಠಕ್ಕೆಂದು ತಿಳಿದು ಇನ್ನೊಂದು ಬುಟ್ಟಿ ಕೊಟ್ಟಳು.

ಇಬ್ಬರಿಗೆ ಎಷ್ಟು ನುಚ್ಚು ಬೇಕು? ಗೊತ್ತಿರಲಿಲ್ಲ. ಹೆಂಡತಿಯನ್ನು ಕೇಳಿದರೆ ಮರ್ಯಾದೆ ಏನು ಉಳಿಯಿತು? ಒಂದು ಸೇರು ಸುರಿದೆ. ಹೆಸರುಬೇಳೆ, ಉಪ್ಪು, ಅರಿಶಿನ, ನೀರು ಹಾಕಿ ಸ್ಟೋವಿನ ಮೇಲಿಟ್ಟೆ. ಅಂಚಿನಲ್ಲಿ ಮೊದಲ ನಾಲ್ಕು ಗುಳ್ಳೆ ಎದ್ದವು. ಅಷ್ಟರಲ್ಲಿ ಸ್ಟೋವಿನ ಸೀಮೆಎಣ್ಣೆ ಮುಗಿಯಿತು. ಗುಳ್ಳೆ ಬಂದಮೇಲೆ ಕುದಿದಂತೆಯೇ ಲೆಕ್ಕ ಎಂದು ತೀರ್ಮಾನಿಸಿ ಪಾತ್ರೆಯನ್ನು ಹೊಟ್ಟಿನಲ್ಲಿ ಹೂತೆ. ಇನ್ನು ನಡುವೆ ಯಾರಾದರೂ ತೆರೆದು ನೋಡಿದರೆ ಶಾಖ ಹೋಗುತ್ತದಲ್ಲ? ಮಹಾದೇವಿ ಇಣುಕದೆ ಇರುವವಳಲ್ಲ. ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗಿಟ್ಟುಕೊಂಡು, ಎರಡು ಗಂಟೆಗೆ ಬಂದು ನಾನೇ ಬಡಿಸುತ್ತೇನೆ ಎಂದು ಹೇಳಿ ಶಾಲೆಗೆ ಹೊರಟೆ.

ಅವಳು ದಿಂಬಿಗೆ ಒರಗಿ ನಗುತ್ತಿದ್ದಳು. ಇಪ್ಪತ್ತು ದಿನದ ಮೇಲೆ ಕಂಡ ನಗು ಅದು.

ಪರೀಕ್ಷೆಯ ಕಾಲ. ಶಾಲೆಯ ಬಾಗಿಲಲ್ಲೇ ಹೆಡ್‌ಮಾಸ್ತರರು ನನ್ನನ್ನು ಹಿಡಿದರು. ಮಾದನಹಿಪ್ಪರಗಾದ ಕೇಂದ್ರದಲ್ಲಿ ಇಬ್ಬರು ಮಾಸ್ತರರು ಕಡಿಮೆ ಬಿದ್ದಿದ್ದಾರೆ, ಜೀಪು ಹೊರಟಿದೆ, ಹತ್ತಿ ಎಂದರು. ಹತ್ತಿದೆ. ನನ್ನ ಜೊತೆ ಡ್ರಾಯಿಂಗ್ ಮಾಸ್ತರರೂ ಇದ್ದರು. ಊರು ದಾಟಿದ ಮೇಲೆ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ. ಕೀಲಿ ಕೈಗೆ ತಾಗಿತು!

ನನ್ನ ಮುಖ ಬಿಳಿಚಿದ್ದನ್ನು ಕಂಡು ಡ್ರಾಯಿಂಗ್ ಮಾಸ್ತರರು, "ಏನಾತ್ರಿ?" ಎಂದರು.

"ಹೇಣ್ತಿ ಊಟಕ್ಕ ಬೀಗ ಹಾಕಿ ಬಂದೀನ್ರಿ," ಎಂದೆ.

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಸ್ವಲ್ಪ ಆಚೆ ಸರಿದು ಕೂತರು.

ಪರೀಕ್ಷೆ ಎರಡಕ್ಕೆ ಮುಗಿಯಿತು. ಮೂರರ ಬಸ್ಸು ನಾಲ್ಕಕ್ಕೆ ಬಂತು. ದಾರಿಯಲ್ಲಿ ಗಾಲಿ ಪಂಕ್ಚರ್. ಎಲ್ಲರೂ ಬೇವಿನ ಮರದ ನೆರಳಿಗೆ ಹೋದರೆ ನಾನೊಬ್ಬ ಡ್ರೈವರನ ಬೆನ್ನಿಗೆ ನಿಂತು ನಟ್ಟು ಎತ್ತಿಕೊಡುತ್ತಿದ್ದೆ. ಕಣ್ಣ ಮುಂದೆ ಒಂದೇ ಚಿತ್ರ. ಬಾಯಿಬಿಟ್ಟು ಊಟ ಕೇಳಿದವಳು, ಎದ್ದು ನಿಲ್ಲಲು ಶಕ್ತಿಯಿಲ್ಲದವಳು, ಬೀಗ ಹಾಕಿದ ಟ್ರಂಕಿನ ಮುಂದೆ ಕೂತಿದ್ದಾಳೆ. ಈ ಹಸಿವು ಸತ್ತುಹೋದರೆ ಮತ್ತೆ ಹುಟ್ಟುತ್ತದೋ ಇಲ್ಲವೋ! ನನ್ನನ್ನು ನಾನು ಬೈದುಕೊಂಡಷ್ಟು ನನ್ನ ತಂದೆಯೂ ಬೈದಿರಲಿಲ್ಲ.

ಸಂಜೆ ಓಡುತ್ತಾ ಮನೆಗೆ ಬಂದರೆ ಮಹಾದೇವಿ ಗೋಡೆಗೊರಗಿ ಎದ್ದು ಕೂತಿದ್ದಳು. ಮುಖದಲ್ಲಿ ಕಳೆ ಇತ್ತು. ಪಕ್ಕದಲ್ಲಿ ಚನ್ನಮ್ಮ ಕಾಕಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ, ಮೊದಲು ಟ್ರಂಕು ತೆಗೆಯಿರಿ ಎಂದು ಇಬ್ಬರೂ ಅಂದರು. ಬೀಗ ತೆಗೆದು, ಹೊಟ್ಟು ಸರಿಸಿ, ಮುಚ್ಚಳ ಎತ್ತಿದೆ.

ಘಮ್ಮೆಂದಿತು! ಬಿಸಿ ಬಿಸಿ, ಮೆತ್ತನೆಯ, ಹಳದಿ ಖಿಚಡಿ!

ಬರುವಾಗ ಇದ್ದ ಅಪರಾಧಿ ಅಲ್ಲೇ ಮಾಯವಾದ. ಅವನ ಜಾಗದಲ್ಲಿ ವಿಜ್ಞಾನದ ಮಾಸ್ತರ ಎದ್ದುನಿಂತ. ಇಬ್ಬರು ಹೆಂಗಸರಿಗೂ ತೊಗರಿ ಹೊಟ್ಟಿನ ಗುಣಧರ್ಮಗಳನ್ನು ವಿವರಿಸಿದೆ. ಬಾಯಿಗಿಟ್ಟರೆ ಬೆಳ್ಳುಳ್ಳಿ ಒಗ್ಗರಣೆಯ ರುಚಿ. ನಾನು ಬೆಳ್ಳುಳ್ಳಿ ಹಾಕಿಯೇ ಇರಲಿಲ್ಲ. ನಿಧಾನವಾಗಿ ಬೆಂದರೆ ಧಾನ್ಯದೊಳಗಿನ ಪರಿಮಳ ಹೀಗೆ ಹೊರಬರುತ್ತದೆ ಎಂದೆ. ಪಾತ್ರೆ ತುಂಬ ಇದ್ದದ್ದು ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಶಾಖಕ್ಕೆ ವಸ್ತುಗಳು ಹಿಗ್ಗುತ್ತವೆ ಎಂದು ಹತ್ತು ವರ್ಷ ಪಾಠ ಮಾಡಿದ್ದ ನಾನು, ಶಾಖಕ್ಕೆ ಖಿಚಡಿ ಕುಗ್ಗುತ್ತದೆ ಎಂದು ಅವತ್ತು ಸಾರಿದೆ. ಕಾಕಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಎಮ್ಮೆ ಹಿಂಡುವ ಹೊತ್ತಾಯಿತೆಂದು ಎದ್ದುಹೋದಳು. ಮಹಾದೇವಿ ನಾನು ಬಡಿಸಿದ್ದನ್ನು ಒಂದು ಬಟ್ಟಲು ಉಂಡಳು. ನನಗೆ ಅಷ್ಟು ಸಾಕಿತ್ತು.

ಅಷ್ಟಕ್ಕೆ ಸುಮ್ಮನಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮುಂದಿನ ಶನಿವಾರ ಸ್ಟಾಫ್ ರೂಮಿನಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದೆ. ಮನೆಯಿಂದ ಟ್ರಂಕು ಟಾಂಗಾದಲ್ಲಿ ಬಂತು. ಹೆಡ್‌ಮಾಸ್ತರರ ಸಮಕ್ಷಮ ಪಾತ್ರೆಗೆ ನಾಲ್ಕು ಗುಳ್ಳೆ ಬರಿಸಿ, ಹೂತು, ಬೀಗ ಹಾಕಿದೆ. ಹನ್ನೊಂದು ಜನ ಮಾಸ್ತರರು ಅವತ್ತು ಬುತ್ತಿ ತಂದಿರಲಿಲ್ಲ. ಮಧ್ಯಾಹ್ನ ತೆಗೆದು ನೋಡಿದರೆ ಮೇಲೆ ತಣ್ಣನೆಯ ನೀರು, ಕೆಳಗೆ ಹಸಿ ನುಚ್ಚು, ನಡುವೆ ತೇಲುವ ತೊಗರಿ ಹೊಟ್ಟು! ಹನ್ನೊಂದು ಜನರೂ ಹೋಟೆಲಿಗೆ ನಡೆದರು. ನನ್ನನ್ನು ಯಾರೂ ಕರೆಯಲಿಲ್ಲ.

ಮನೆಗೆ ಬಂದು, ಅವತ್ತು ನಿಜವಾಗಿ ಏನಾಯಿತು ಹೇಳು ಎಂದು ಕೇಳಿದೆ. ಮಹಾದೇವಿ ನಗು ತಡೆಯಲಾರದೆ ಎಲ್ಲ ಹೇಳಿದಳು. ಎರಡೂವರೆ ದಾಟಿದರೂ ನಾನು ಬರಲಿಲ್ಲ. ಹಾಲು ಕೊಡಲು ಬಂದ ಕಾಕಿ ವಿಷಯ ತಿಳಿದು, ಬೀಗದ ಗೋಜಿಗೇ ಹೋಗದೆ, ಟ್ರಂಕಿನ ಹಿಂಬದಿಯಲ್ಲಿ ಮುಚ್ಚಳ ತಿರುಗುವ ಬಿಜಾಗರಿಯ ಕಡ್ಡಿಗಳನ್ನು ಮೊಳೆಯಿಂದ ಬಡಿದು ತೆಗೆದಳು. ಒಳಗಿನ ತಣ್ಣನೆಯ ಸರಕನ್ನು ತನ್ನ ಒಲೆಯ ಮೇಲೆ ಅರ್ಧ ತಾಸು ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ತುಪ್ಪ ಹಾಕಿ ಮಹಾದೇವಿಗೆ ಹೊಟ್ಟೆ ತುಂಬ ಉಣ್ಣಿಸಿದಳು. ಉಳಿದದ್ದನ್ನು ಕುದಿಯುತ್ತಿದ್ದಂತೆಯೇ ಹೊಟ್ಟಿನಲ್ಲಿ ಹೂತು ಕಡ್ಡಿಗಳನ್ನು ಮತ್ತೆ ಸೇರಿಸಿದಳು. ನಾನು ಬರುವವರೆಗೂ ಅದು ಬಿಸಿಯಾಗಿ ಉಳಿದಿದ್ದೇ ವಿಜ್ಞಾನದ ಸಾಧನೆ.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ.

"ನೀವು ಓಡಿ ಬಂದು ಕ್ಷಮಾ ಕೇಳಾಕ ನಿಂತಿದ್ರಿ. ನೋಡಿ ಕೆಟ್ಟ ಅನಸ್ತು. ಕಾಕೀನೇ ಅಂದ್ಳು, ಮೊದಲನೇ ಸಲ ಮಾಡ್ಯಾರ, ಮಾಸ್ತರ್ ಮನಸ ಮುರೀಬಾರದು ಅಂತ."

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನನ್ನ ಹೆಂಡತಿಯ ಜೀವವನ್ನೂ ನನ್ನ ಮರ್ಯಾದೆಯನ್ನೂ ಒಂದೇ ಮಧ್ಯಾಹ್ನ ಉಳಿಸಿ, ಅದನ್ನು ಯಾರಿಗೂ ಹೇಳದೆ ಸುಮ್ಮನಿದ್ದ ಹೆಂಗಸಿಗೆ ನಾನು ಉಷ್ಣದ ಪಾಠ ಮಾಡಿದ್ದೆ! ಆಗಲೇ ಅವಳ ಅಂಗಳಕ್ಕೆ ಹೋದೆ. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಕೈ ಮುಗಿದೆ.

ಕಾಕಿ ಸಗಣಿ ಕೈ ತೊಳೆದುಕೊಂಡು, "ಅದೆಲ್ಲಾ ಇರ್ಲಿ ಮಾಸ್ತರ್, ನಾಳಿ ಮುಂಜಾನಿ ಬರ್ರಿ. ಒಲಿ ಹೊತ್ತಸೂದು ಕಲಸ್ತೇನಿ," ಎಂದಳು.

ಹೋದೆ. ಮೊದಲ ದಿನ ಹೊಗೆ ಎಬ್ಬಿಸಿ ಎರಡೂ ಎಮ್ಮೆಗಳನ್ನು ಹಗ್ಗ ಹರಿದುಕೊಂಡು ಓಡುವಂತೆ ಮಾಡಿದೆ. ನಾಪಾಸು. ಮಹಾದೇವಿ ಪೂರ್ತಿ ಚೇತರಿಸಿಕೊಂಡು, ತಾನೇ ರೊಟ್ಟಿ ಬಡಿಯಲು ಶುರುಮಾಡಿದ ದಿನದವರೆಗೂ ನಾನು ಕಾಕಿಯ ಒಲೆಯ ಮುಂದೆ ಒಂದನೇ ಇಯತ್ತೆಯಲ್ಲೇ ಇದ್ದೆ.