ಮಂಡೆಗೆ ತಂತಿ ಕಟ್ಟಿದ ದಿನ

ಹೃಷೀಕೇಶದ ಆಶ್ರಮವೊಂದರಲ್ಲಿ ಧ್ಯಾನ ಕಲಿಸುವ ಹರ್ಷಮಣಿ ಥಪ್ಲಿಯಾಲನಿಗೆ ಒಂದು ಗುಟ್ಟಿತ್ತು. ಕಣ್ಣು ಮುಚ್ಚಿ ಕೂತರೆ ಅವನಿಗೆ ಧ್ಯಾನ ಹತ್ತುತ್ತಿರಲಿಲ್ಲ, ನಿದ್ದೆ ಹತ್ತುತ್ತಿತ್ತು. ಬೆನ್ನು ಮಾತ್ರ ದೇವದಾರು ಮರದಂತೆ ನೆಟ್ಟಗಿರುತ್ತಿದ್ದುದರಿಂದ ಇಷ್ಟು ವರ್ಷ ಬಚಾವಾಗಿದ್ದ. ಅಂಥವನ ಪಾಲಿಗೆ ಮೆದುಳಿನ ಡಾಕ್ಟರು ಇಲಾ ಸಕ್ಲಾನಿ ಯಂತ್ರದ ಸಮೇತ ಬಂದಿಳಿದರು. ಧ್ಯಾನ ಮಾಡುವಾಗ ತಲೆಯೊಳಗೆ ಏನಾಗುತ್ತದೆಂದು ಅಳೆಯಬೇಕಂತೆ. ಪರೀಕ್ಷೆಗೆ ನೀನೂ ಬಾ ಎಂದು ಆಶ್ರಮದ ಸ್ವಾಮೀಜಿ ಹೇಳಿಕಳಿಸಿದಾಗ ಹರ್ಷಮಣಿಗೆ ಭಯ ಹತ್ತಿತು. ನಿದ್ದೆಯ ಗುಟ್ಟು ರಟ್ಟಾದರೆ ಕೆಲಸ ಹೋದಂತೆಯೇ.

ಸುದ್ದಿ ಕೇಳಿದ್ದೇ ತಡ, ಪಕ್ಕದ ಮನೆಯ ಬಿಮಲಾ ದೊಡ್ಡಮ್ಮ ಸಾಸಿವೆ ಎಣ್ಣೆಯ ಬಟ್ಟಲು ಹಿಡಿದು ಬಂದಳು. ತಂತಿ ತಾಗಿಸುವ ಮೊದಲು ಮಂಡೆ ತಂಪಾಗಿರಬೇಕೆಂಬುದು ಅವಳ ಶಾಸ್ತ್ರ. ಬೇಡವೆನ್ನುವಷ್ಟರಲ್ಲಿ ಬಟ್ಟಲು ನೆತ್ತಿಯ ಮೇಲೆ ಬೋರಲಾಗಿತ್ತು. ದಾರಿಯಲ್ಲಿ ಟೀ ಅಂಗಡಿಯ ದೇವೇಶ್ವರ ತಡೆದು ನಿಲ್ಲಿಸಿದ.

"ಮಾಸ್ಟ್ರೇ, ಆ ಯಂತ್ರ ಮನಸ್ಸಲ್ಲಿರೋದನ್ನೆಲ್ಲ ಪರದೆ ಮೇಲೆ ಗೀಚುತ್ತಂತೆ. ಏನ್ ಬೇಕಾದ್ರೂ ನೆನೆಸ್ಕೊಳ್ಳಿ, ನೀವು ಕದ್ದು ತಿನ್ನೋ ನಮ್ಮ ಈರುಳ್ಳಿ ಪಕೋಡ ಮಾತ್ರ ಬೇಡ. ಸ್ವಾಮೀಜಿಗೆ ಗೊತ್ತಾದ್ರೆ ಕಷ್ಟ."

ಅಲ್ಲಿಂದ ಆಶ್ರಮದವರೆಗೂ ಹರ್ಷಮಣಿಯ ತಲೆತುಂಬ ಪಕೋಡಗಳು ಬಂಗಾರದ ಮೋಡಗಳಂತೆ ತೇಲಿದವು.

ತಂತಿಗಳ ಟೋಪಿ ತೊಡಿಸಿದರೆ ಒಂದು ತಂತಿಯೂ ನಿಲ್ಲದೆ ಎಣ್ಣೆಯಲ್ಲಿ ಜಾರಿತು. ಡಾಕ್ಟರು ಹಣೆ ಚಚ್ಚಿಕೊಂಡು, ಅವನನ್ನು ನಲ್ಲಿಯ ಕೆಳಗೆ ಕೂರಿಸಿ ಸೋಪು ಹಾಕಿಸಿದರು. ನೀರಿಗೆ ಬಿದ್ದ ಬೆಕ್ಕಿನಂತಾಗಿ ಬಂದವನಿಗೆ, ಸುಮ್ಮನೆ ಕಣ್ಣು ಮುಚ್ಚಿ ಕೂತರೆ ಸಾಕೆಂದರು.

ಸುಮ್ಮನೆ ಕೂತರೆ ನಿದ್ದೆ ಬಂದೀತೆಂಬ ಭಯಕ್ಕೆ, ಮುಳುಗುವವನು ಹಗ್ಗ ಹಿಡಿದಂತೆ ಅವನು ಮೂಗಿನ ತುದಿಯ ಉಸಿರನ್ನು ಹಿಡಿದುಕೊಂಡ. ಪಕೋಡಗಳು ಒಂದೊಂದಾಗಿ ಕರಗಿದವು. ಭಯವೂ ಯಾವಾಗಲೋ ಎದ್ದುಹೋಯಿತು. ಹೊರಗಿನ ಗಂಗೆಯ ಸದ್ದು ಒಳಗೇ ಹರಿದಂತಾಗಿ, ಆಮೇಲೆ ಅದೂ ಇಲ್ಲವಾಗಿ, ಯಾರೂ ಇಲ್ಲದ ಮನೆಯಲ್ಲಿ ದೀಪವೊಂದು ತಾನಾಗಿ ಉರಿಯುತ್ತಿರುವಂತೆ ಅವನಿದ್ದ.

ಕಣ್ಣು ಬಿಟ್ಟಾಗ ಡಾಕ್ಟರ ಮುಖ ಸಪ್ಪಗಾಗಿತ್ತು.

"ನಿದ್ದೆ ಮಾಡಿಬಿಟ್ನಾ ಮೇಡಂ?"

"ನಿದ್ದೆ ಮಾಡಿದ್ರೆ ಎಬ್ಬಿಸಿ ಕೂರಿಸ್ತಿದ್ದೆ. ನೀವು ಧ್ಯಾನ ಮಾಡ್ಬಿಟ್ರಲ್ರೀ. ಇಷ್ಟು ಆಳದ್ದು ಇವತ್ತು ಬೇರೆ ಯಾರಲ್ಲೂ ಸಿಕ್ಕಿಲ್ಲ."

"ಮತ್ತೆ... ಒಳ್ಳೇದೇ ಆಯ್ತಲ್ಲ?"

"ಏನ್ ಒಳ್ಳೇದು? ಧ್ಯಾನ ಬಾರದವರ ಮೆದುಳು ಹೇಗಿರುತ್ತೆ ಅಂತ ಹೋಲಿಸಿ ನೋಡೋಕೆ ನಿಮ್ಮನ್ನ ಕೂರಿಸಿದ್ದು."

ಹರ್ಷಮಣಿ ಬದಿಯಲ್ಲಿ ಕೂತಿದ್ದ ಸ್ವಾಮೀಜಿಯತ್ತ ತಿರುಗಿದ. ಅವರು ಜಪಮಾಲೆ ನೋಡುತ್ತ ಗಂಟಲು ಸರಿಮಾಡಿಕೊಂಡರು.

"ಧ್ಯಾನ ಬಾರದವರು ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು. ನಿನ್ನ ಮುಖಾನೇ ಕಣ್ಮುಂದೆ ಬಂತಪ್ಪ."

"ನಿಮಗೆ ಗೊತ್ತಿತ್ತಾ ಮಹಾರಾಜ್?"

"ಗೊರಕೆ ನನ್ನ ಕೋಣೆವರೆಗೂ ಕೇಳುತ್ತೆ. ಆದ್ರೆ ನಿದ್ದೆಯಲ್ಲಿ ನಿನ್ನ ಮುಖ ಎಷ್ಟು ಶಾಂತವಾಗಿರುತ್ತೆ ಅಂದ್ರೆ, ಹೊಸಬರು ಅದನ್ನ ನೋಡೇ ಇಲ್ಲಿ ಉಳ್ಕೋತಾರೆ. ನಿನ್ನನ್ನ ಬಿಡೋಕಾಗುತ್ತಾ?"

ಕೆಲಸ ಉಳಿಯಿತೆಂಬ ಸಮಾಧಾನಕ್ಕೆ ಹರ್ಷಮಣಿಯ ಮೈ ಹತ್ತಿಯಂತೆ ಹಗುರಾಯಿತು. ಇಂದಿನ ಲೆಕ್ಕ ಕೆಟ್ಟಿತು, ನಾಳೆ ಮತ್ತೆ ಬನ್ನಿ, ದಮ್ಮಯ್ಯ ಧ್ಯಾನ ಮಾತ್ರ ಮಾಡಬೇಡಿ ಎಂದು ಡಾಕ್ಟರು ಕೈಮುಗಿದು ಕಳಿಸಿದರು.

ಮನೆಯ ಬಾಗಿಲಲ್ಲೇ ಕಾಯುತ್ತಿದ್ದ ದೊಡ್ಡಮ್ಮ ಕೇಳಿದಳು, "ಪಾಸೋ ಫೇಲೋ?"

"ಜೀವಮಾನದಲ್ಲಿ ಮೊದಲ ಸಲ ಧ್ಯಾನ ಬಂತು ದೊಡ್ಡಮ್ಮ," ಎಂದ ಹರ್ಷಮಣಿ. "ಅದಕ್ಕೇ ಫೇಲು."